ಸ್ಕ್ಯಾನಮ್ಮ ಅಳಿಸದೆ ಇಟ್ಟ ಚುಕ್ಕೆ

ದೊಡ್ಡ ಡಾಕ್ಟರು ನನ್ನೆದುರಿಗೇ ಸ್ಕ್ಯಾನಮ್ಮನನ್ನು ಕಳ್ಳಿ ಎಂದರು. ಒಂಬತ್ತು ವರ್ಷವಾಯಿತು. ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಆಕೆ ಇಪ್ಪತ್ತೆರಡು ವರ್ಷ ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ತಲೆಯ ಸ್ಕ್ಯಾನ್ ತೆಗೆದವರು. ನಾನು ಅಲ್ಲಿ ಸ್ಟ್ರೆಚರ್ ತಳ್ಳುವವನು. ಕುಳ್ಳಗಿನ ಹೆಂಗಸು, ಎಸಿಯ ಚಳಿಗೆ ಸದಾ ಗಂಡನ ಹಳೇ ಸ್ವೆಟರ್. ಬಾಯಿ ಮಾತ್ರ ಕತ್ತರಿ. ನನ್ನ ಸ್ಟ್ರೆಚರ್ ಬಾಗಿಲಿಗೆ ತಾಕಿದರೆ ಸಾಕು, "ಏನಪ್ಪಾ, ಎತ್ತಿನ ಗಾಡಿ ಹೊಡೀತಿದ್ದೀಯಾ? ಮಲಗಿರೋದು ಮನುಷ್ಯ, ಕುಂಬಳಕಾಯಲ್ಲ!" ಎನ್ನುತ್ತಿದ್ದರು.

ಒಂದು ವರ್ಷ ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ದೊಡ್ಡ ಡಾಕ್ಟರ ಹುಕುಂ ಬಂತು: ಹಳೇ ಸ್ಕ್ಯಾನುಗಳನ್ನೆಲ್ಲ ದಪ್ಪ ಮಾಡಿ, ಅಸಲನ್ನು ಅಳಿಸಿ. ತಲೆಯ ಚಿತ್ರವೆಂದರೆ ಒಂದೊಂದು ಮಿಲಿಮೀಟರಿನ ದಾಳಗಳನ್ನು ಒತ್ತಾಗಿ ಜೋಡಿಸಿದ ಹಾಗೆ. ಎಂಟು ದಾಳ ಸೇರಿಸಿ ಒಂದು ದೊಡ್ಡ ದಾಳ ಮಾಡಿದರೆ ಎಂಟರ ಬಣ್ಣವೂ ಕಲಸಿ ಒಂದಾಗುತ್ತದೆ. ಜಾಗವೇನೋ ಉಳಿಯುತ್ತದೆ. ಸಣ್ಣದೇನಾದರೂ ಇದ್ದರೆ ಬಿಂದಿಗೆ ನೀರಿಗೆ ಬಿದ್ದ ಮಸಿಯ ತೊಟ್ಟು, ಅಷ್ಟೇ.

ಆಮೇಲೆ ನನ್ನ ತಂಗಿಗೆ ತಲೆನೋವು ಮರುಕಳಿಸಿತು. ಹೊಸ ಸ್ಕ್ಯಾನಿನಲ್ಲಿ ಎಳ್ಳಿನಷ್ಟು ಬಿಳಿ ಚುಕ್ಕೆ. ದೊಡ್ಡ ಡಾಕ್ಟರು ಕಂಪ್ಯೂಟರಿನಲ್ಲಿ ಅವಳದೇ ಮೂರು ವರ್ಷದ ಹಿಂದಿನ ಸ್ಕ್ಯಾನನ್ನು ತೆರೆದರು. ಅದರಲ್ಲಿ ಚುಕ್ಕೆಯಿಲ್ಲ.

"ಹೊಸದು. ಬೆಳೀತಿದೆ. ಸೋಮವಾರ ಆಪರೇಷನ್."

ತಂಗಿ ಜಡೆ ಹಿಡಿದುಕೊಂಡು ಕುಳಿತಳು. ನಾನು ನೆಲಮಾಳಿಗೆಗೆ ನುಗ್ಗಿ, "ಅವತ್ತು ಕಣ್ಮುಚ್ಕೊಂಡು ತೆಗೆದ್ರಾ ಸ್ಕ್ಯಾನಮ್ಮೋರೇ?" ಎಂದು ಕೂಗಾಡಿದೆ.

"ಬಾಯ್ಮುಚ್ಚಿ ಕೂತ್ಕೋ. ಅವ್ರು ನೋಡಿದ್ದು ದಪ್ಪ ಮಾಡಿದ್ದನ್ನ."

ಬೀರುವಿನ ಅಡಿಯಿಂದ ಒಂದು ಡಿಸ್ಕ್ ತೆಗೆದರು. ಅಳಿಸುವ ಮುಂಚೆ ಅಸಲುಗಳನ್ನೆಲ್ಲ ಅದಕ್ಕೆ ಇಳಿಸಿಟ್ಟಿದ್ದರು. ತಂಗಿಯದನ್ನು ತೆರೆದರೆ, ಅಂದು ಯಾರ ಕಣ್ಣಿಗೂ ಬೀಳದಿದ್ದ ಆ ಚುಕ್ಕೆ ಅಲ್ಲೇ ಇತ್ತು! ಅಳೆದು ನೋಡಿದರು. ಅಂದೂ ಅಷ್ಟೇ, ಇಂದೂ ಅಷ್ಟೇ.

"ಇದನ್ನ ತೋರಿಸಿದ್ರೆ ನಿಮ್ ಕೆಲ್ಸಕ್ಕೇ..."

"ಆ ಹುಡುಗಿ ತಲೆ ಕೊಯ್ಯಿಸಿ ನಾನು ಪೆನ್ಷನ್ ತಿನ್ಲಾ? ನಡಿಯೋ ಮೇಲಕ್ಕೆ."

ಆಪರೇಷನ್ ನಿಂತಿತು. ಕಳ್ಳಿ ಎಂದದ್ದು ಆಗಲೇ. ರೋಗಿಗಳ ಚಿತ್ರ ಕದ್ದಿಟ್ಟುಕೊಂಡಿದ್ದಾಳಂತೆ! ಬೆಂಕಿ ಹಚ್ಚಿದವರು ನೀರು ತಂದವಳನ್ನು ಕಟ್ಟಿಹಾಕಿದ ಹಾಗಾಯಿತು.

ವಿಚಾರಣೆಗೆ ನನ್ನನ್ನೂ ಕರೆದರು. ಆ ಡಿಸ್ಕಿನಿಂದ ನಿನ್ನ ತಂಗಿಗೆ ಅನುಕೂಲವಾಯಿತೇ ಎಂದು ಕೇಳಿದರು. ಎದುರಿಗೆ ದೊಡ್ಡ ಡಾಕ್ಟರು ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಊರ ಮೇಲೆಲ್ಲ ಹಾರಾಡುವ ನನ್ನ ಬಾಯಿಂದ ಅಂದು ಬಂದದ್ದು ಇಷ್ಟೇ:

"ನಂಗೇನೂ ಗೊತ್ತಿಲ್ಲ ಸಾರ್. ನಾನು ಸ್ಟ್ರೆಚರ್ ತಳ್ಳೋನು."

ಸ್ಕ್ಯಾನಮ್ಮ ತಲೆಯೆತ್ತಿ ನನ್ನನ್ನು ನೋಡಿದರು. ಆ ವಾರವೇ ಆಕೆಯನ್ನು ಕೆಲಸದಿಂದ ತೆಗೆದರು, ಪೆನ್ಷನ್ನೂ ಹೋಯಿತು.

ತಂಗಿ ಗಟ್ಟಿಮುಟ್ಟಾಗಿದ್ದಾಳೆ. "ಅವರನ್ನ ಹೋಗಿ ಮಾತಾಡಿಸಿದ್ಯೇನಣ್ಣಾ?" ಎಂದು ಈಗಲೂ ಕೇಳುತ್ತಾಳೆ. ಅವಳ ಮೇಲೂ ರೇಗುತ್ತೇನೆ. ಸ್ಕ್ಯಾನಮ್ಮನ ಮನೆ ನಮ್ಮ ಮನೆಯಿಂದ ಎರಡೇ ಬೀದಿ ಆಚೆ. ಮೂರು ಸಲ ಬಾಗಿಲವರೆಗೂ ಹೋಗಿದ್ದೇನೆ. ಬೆಲ್ ಒತ್ತಿಲ್ಲ.