ತಮ್ಮಯ್ಯ ಓಡಿಸಿ ನೋಡದ ಕಾರು

ಹೈಬ್ರಿಡ್ ಕಾರೆಂದರೆ ಏನೆಂದು ಧರ್ಮೇಂದ್ರನಿಗೆ ಗೊತ್ತಿಲ್ಲ ಎಂಬುದು ಮೊದಲು ತಿಳಿದದ್ದು ಪಾಂಡವಪುರದ ಬಸ್ ನಿಲ್ದಾಣದ ಮುಂದಿದ್ದ ಜನಕ್ಕೆ. ಡ್ರೈವರ್ ಕೆಲಸಕ್ಕೆ ಸೇರಿ ಎರಡೇ ದಿನವಾಗಿತ್ತು. ಕಬ್ಬಿನ ಟ್ರಾಕ್ಟರಿಗೆ ದಾರಿ ಬಿಡಲು ನಿಂತದ್ದೇ ತಡ, ಎಂಜಿನ್ ಸದ್ದು ಅಡಗಿತು. ಕೆಟ್ಟೇಹೋಯಿತೆಂದು ಇಳಿದು, ಬಾಳೆಹಣ್ಣು ಮಾರುವವರಿಬ್ಬರನ್ನು ಕರೆದು, ಮೂವರೂ ಬೆವರಿಳಿಸಿ ಕಾರನ್ನು ಬದಿಗೆ ನೂಕಿದರು. ಹಿಂದಿನ ಸೀಟಿನಲ್ಲಿದ್ದ ಒಡತಿ ಚಿಕ್ಕಬೋರಮ್ಮ ಎಲ್ಲ ಮುಗಿಯುವವರೆಗೂ ಸುಮ್ಮನಿದ್ದು, "ನಿಂತಾಗ ಅದು ತಾನಾಗೇ ಆಫ್ ಆಯ್ತದೆ ಕಣ್ಲಾ. ಆಮೇಕೆ ಬ್ಯಾಟ್ರೀಲೇ ಓಡ್ತದೆ. ಡ್ರೈವರು ನೀನೋ ನಾನೋ?" ಎಂದರು.

ಚಿಕ್ಕಬೋರಮ್ಮ ಕೆ.ಆರ್.ಪೇಟೆಯಲ್ಲಿ ಹಸು ಸಾಕಿ ಹಾಲು ಹಾಕುವವರು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಸೋಮವಾರ, ಗುರುವಾರ ಮೈಸೂರಿನಲ್ಲಿ ಡಯಾಲಿಸಿಸ್. ಕಾರು ಇದ್ದದ್ದೇ ಅದಕ್ಕಾಗಿ. ಅದೇ ವಾರದ ಗುರುವಾರ ಹೊರಟವರಿಗೆ, ಮುಂದಿದ್ದ ಜಲ್ಲಿ ಲಾರಿಯಿಂದ ಸಿಡಿದ ಕಲ್ಲು ರೇಡಿಯೇಟರನ್ನು ತೂತು ಮಾಡಿತು. ಆ ಸರದಿ ತಪ್ಪಿತು. ಕಾರು ಊರಿನ ಮೆಕ್ಯಾನಿಕ್ ತಮ್ಮಯ್ಯನ ಶೆಡ್ಡು ಸೇರಿತು.

ತಮ್ಮಯ್ಯನಿಗೆ ಅರವತ್ತರ ಹತ್ತಿರ. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಟ್ರಾಕ್ಟರುಗಳನ್ನು ಬಿಚ್ಚಿ ಕಟ್ಟುತ್ತಲೇ ಕಸುಬು ಕಲಿತವರು. ಇಪ್ಪತ್ತರ ಪ್ರಾಯದಲ್ಲಿ ಕುದಿಯುವ ರೇಡಿಯೇಟರಿನ ಮುಚ್ಚಳ ತಿರುಗಿಸಿ, ಕಿವಿಯಿಂದ ಭುಜದವರೆಗೆ ಬೆಂದು, ತಿಂಗಳುಗಟ್ಟಲೆ ಬಾಳೆ ಎಲೆಯ ಮೇಲೆ ಮಲಗಿದ್ದರಂತೆ. ಆ ಕಲೆ ನೋಡಿ ಎರಡು ಸಂಬಂಧ ಹಿಂದೆ ಹೋದವು, ಪಾರ್ವತಮ್ಮ ಒಪ್ಪಿದರು. ಅಂಗೈ ಸುಟ್ಟು ಸುಟ್ಟು ಬಿಸಿಯೇ ತಿಳಿಯದಂತಾಗಿದ್ದರಿಂದ, ಮಗುವಿನ ಜ್ವರ ನೋಡುವ ಹಾಗೆ ಕೈಯ ಹಿಂಬದಿಯಿಂದ ಎಂಜಿನ್ನಿನ ಪೈಪು ಮುಟ್ಟುತ್ತಿದ್ದರು. ಮೀಟರನ್ನು ನಂಬುತ್ತಿರಲಿಲ್ಲ. ರಿಪೇರಿಯಾದ ಗಾಡಿಯನ್ನು ತಾವೇ ತೊಣ್ಣೂರಿನವರೆಗೆ ಓಡಿಸಿ, ಕೆರೆ ಏರಿಯ ಹತ್ತಿರ ಒಂದು ಗಂಟೆ ಆರಲು ಬಿಟ್ಟು, ನೀರಿನ ಮಟ್ಟ ನೋಡಿ ಬಂದ ಮೇಲೆಯೇ ಗಿರಾಕಿಗೆ ಕೀಲಿ.

ಮೂವತ್ತು ವರ್ಷದಲ್ಲಿ ಈ ನೇಮ ತಪ್ಪಿದ್ದು ಈ ಕಾರಿಗೆ ಹೊಸ ರೇಡಿಯೇಟರು ಕೂರಿಸಿದ ಆ ಶನಿವಾರ. ಕಣ್ಣಿನ ಪೊರೆ ತೆಗೆಸಿ ನಾಲ್ಕು ದಿನವಾಗಿತ್ತು. ಗಾಡಿ ಓಡಿಸಕೂಡದೆಂದು ಡಾಕ್ಟರು ಹೇಳಿದ್ದರು.

"ನೀನೇ ತೊಣ್ಣೂರ್ಗೆ ಓಗ್ಬಾ. ಎಂಜಿನ್ ಕಾದು ಕೆಂಪು ದೀಪ ಬಂದ್ರೆ ಅಲ್ಲೇ ನಿಲ್ಲುಸ್‌ಬುಡು," ಎಂದು ಧರ್ಮೇಂದ್ರನ ಕೈಗೆ ಕೀಲಿ ಕೊಟ್ಟರು.

ಕೆಂಪು ದೀಪ ಬಂತು. ಧರ್ಮೇಂದ್ರ ನಿಲ್ಲಿಸಲಿಲ್ಲ. ಈ ಎಂಜಿನ್ನು ಹೇಗೂ ಆಗಾಗ ಸುಮ್ಮನಾಗುತ್ತದೆ, ಸುಮ್ಮನಾದಾಗ ತಣ್ಣಗೂ ಆಗುತ್ತದೆ ಎಂಬುದು ಅವನ ಹೊಸ ಪಾಂಡಿತ್ಯ. ಅದನ್ನೇ ನಂಬಿಕೊಂಡು ಇನ್ನಷ್ಟು ದೂರ ಓಡಿಸಿ, ಹೊಗೆಯೆದ್ದ ಮೇಲೆ ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ.

"ದೀಪ ಬಂದ್ಮೇಕೆ ಎಷ್ಟು ದೂರ ಓಡುಸ್ದೆ?"

"ಅರ್ಧ ಕಿಲೋಮೀಟ್ರು ಇರ್ಬೋದು ಕಣಣ್ಣ."

ತಮ್ಮಯ್ಯ ಕೈ ಹಿಂಬದಿಯನ್ನು ಎಂಜಿನ್ನಿಗೆ ತಾಗಿಸಿದರು. "ಅರ್ಧಕ್ಕೆ ಇಂಗೆ ಸುಡಾಕಿಲ್ಲ."

"ನಾಲ್ಕು."

ತಮ್ಮಯ್ಯ ಕೈ ಒರೆಸಿಕೊಂಡು ಬಾನೆಟ್ಟು ಮುಚ್ಚಿದರು.

ಭಾನುವಾರ ಬೆಳಿಗ್ಗೆಯಿಂದ ಇಬ್ಬರೂ ಕಾರಿಗೆ ಜೋತುಬಿದ್ದರು. ಹೊಸ ರೇಡಿಯೇಟರು ಕೂರಿಸುವಾಗ ಒಳಗೆ ಗಾಳಿ ಉಳಿದರೆ ನೀರು ಸುತ್ತುವುದಿಲ್ಲ. ಬರೀ ಅಷ್ಟೇ ಆಗಿರಲಿ ಎಂದು ಇಬ್ಬರಿಗೂ ಆಸೆ. ಗಾಳಿ ಮೇಲೆ ಬರಲೆಂದು ಕಾರಿನ ಮೂತಿಯನ್ನು ದಿಬ್ಬಕ್ಕೆ ಹತ್ತಿಸಿ, ಮುಚ್ಚಳ ತೆಗೆದು, ಹೀಟರ್ ಹಚ್ಚಿ, ಕೂಲಂಟ್ ಹೊಯ್ದರು. ಎಂಜಿನ್ನು ಬಿಸಿಯೇರುವ ಮೊದಲೇ ತಾನಾಗಿ ನಿಲ್ಲುತ್ತಿತ್ತು. ಧರ್ಮೇಂದ್ರ ಫೋನಿನಲ್ಲಿ ಹುಡುಕಿ, ಗೇರು ಬದಲಿಸುತ್ತ ಆಕ್ಸಿಲೇಟರನ್ನು ಎರಡೆರಡು ಸಲ ಒತ್ತಿ ಅದು ನಿಲ್ಲದ ಹಾಗೆ ಮಾಡಿದ. ಜನ್ಮದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂದೆನೆಂದುಕೊಂಡ. ಗುಳ್ಳೆಗಳು ಎದ್ದವು.

"ಬತ್ತಾ ಅದೆ ಕಣಣ್ಣ ಗಾಳಿ."

"ತಡಿ."

ಒಂದು ಗಂಟೆಯಾದರೂ ಗುಳ್ಳೆ ನಿಲ್ಲಲಿಲ್ಲ. ಊಟದ ಹೊತ್ತಿಗೆ ಪೂರ್ತಿ ಆರಲು ಬಿಟ್ಟು, ಮುಚ್ಚಳ ಹಾಕಿ ಮತ್ತೆ ಶುರು ಮಾಡಿದರು. ಎರಡೇ ನಿಮಿಷಕ್ಕೆ ಮೇಲಿನ ಪೈಪು ಕಲ್ಲಿನಂತೆ ಬಿಗಿಯಾಯಿತು. ತಮ್ಮಯ್ಯ ಎಂಜಿನ್ ನಿಲ್ಲಿಸಿ ಪೈಪನ್ನು ಮುಟ್ಟಿ ನೋಡಿದರು.

"ಪೈಪು ಇನ್ನೂ ತಣ್ಣಗದೆ. ಕುದ್ದು ಬಿಗ್ದಿರದಲ್ಲ. ಎಂಜಿನ್ ಒಳಗ್ಲ ಹೊಗೆ ನೀರಿಗೆ ನುಗ್ತಾ ಅದೆ. ಅವೆರಡ್ನೂ ಬೇರೆ ಇಡೋ ಹೆಡ್ ಗ್ಯಾಸ್ಕೆಟ್ ಸುಟ್ಟೋಗ್ಯದೆ. ಬಿಚ್ಚಿ ಕಟ್ಟಾಕೆ ನಾಲ್ಕು ದಿನ ಬೇಕು."

ಸೋಮವಾರಕ್ಕೆ ಉಳಿದಿದ್ದದ್ದು ಒಂದು ಸಂಜೆ. ಧರ್ಮೇಂದ್ರ ಊರಿನ ಬಾಡಿಗೆ ಕಾರಿನವರಿಗೆಲ್ಲ ಫೋನು ಮಾಡಿದ. ಲಗ್ನದ ಸಮಯ, ಎಲ್ಲ ಕಾರೂ ದಿಬ್ಬಣಕ್ಕೆ ಹೋಗಿದ್ದವು.

"ಇಪ್ಪತ್ತು ಕಿಲೋಮೀಟ್ರಿಗೊಂದ್ಸಲ ನಿಲ್ಸಿ ನೀರು ಉಯ್ಕಂಡು ಓದ್ರೆ?" ಎಂದ. ತನ್ನ ಕೆಲಸ ಉಳಿಸಿಕೊಳ್ಳುವ ಯೋಚನೆಯೂ ಅದರಲ್ಲಿತ್ತು. ಅದು ಅವನಿಗೂ ಗೊತ್ತಿತ್ತು.

ತಮ್ಮಯ್ಯ ಉತ್ತರ ಕೊಡುವಷ್ಟರಲ್ಲಿ ಹಾಲಿನ ಆಟೊ ಬಂದು ನಿಂತಿತು. ಚಿಕ್ಕಬೋರಮ್ಮ ಬರಿಗಾಲಲ್ಲಿ ಇಳಿದರು. ಊದಿದ ಪಾದಕ್ಕೆ ಚಪ್ಪಲಿ ಹಿಡಿಯುತ್ತಿರಲಿಲ್ಲ. ನಾಲ್ಕು ಹೆಜ್ಜೆಗೆ ಉಸಿರು ಕಟ್ಟಿ, ಹಳೆ ಟೈರಿನ ಮೇಲೆ ಕೂತರು.

"ಸರಿ ಓಯ್ತಾ?"

"ಸ್ಟಾರ್ಟ್ ಆಯ್ತದೆ ಅಮ್ಮ. ನೀರೊಂದು ಆಗಾಗ..." ಎಂದು ಧರ್ಮೇಂದ್ರ ಬಾಯಿ ಹಾಕಿದ.

"ನಿನ್ನ ಕೇಳ್ಲಿಲ್ಲ ಕಣ್ಲಾ." ಅವರು ತಮ್ಮಯ್ಯನ ಕಡೆ ತಿರುಗಿದರು. "ನೀನು ಯೋಳಪ್ಪ. ನಾಳೀಕೆ ತಪ್ಪುದ್ರೆ ನಾನು ಉಳಿಯಾಕಿಲ್ಲ. ನನ್ ಜಾಗ್ದಲ್ಲಿ ನಿನ್ನೆಂಡ್ತಿ ಪಾರ್ವತಿ ಇದ್ದಿದ್ರೆ, ಈ ಕಾರಲ್ಲಿ ಕೂರ್ಸಿ ಕಳುಸ್ತಿದ್ದಾ?"

ತಮ್ಮಯ್ಯ ಮುಚ್ಚಳವನ್ನು ಬಟ್ಟೆಯಿಂದ ಒರೆಸಿ, ಬಾನೆಟ್ಟಿನ ಮೇಲಿಟ್ಟರು.

"ಇಲ್ಲ ಕಣಕ್ಕ. ಮೊದ್ಲು ನಾನು ಓಡ್ಸಿ ನೋಡ್ದಂಗೆ ಕಳ್ಸಿ ಕೆಡುಸ್ದೆ, ಆಮೇಕೆ ಇವನು ಕೆಡುಸ್ದ. ಪಾರ್ವತಿಗಾದ್ರೂ ಬೆಳಿಗ್ಗೆ ಆರು ಗಂಟೆ ಬಸ್ಸಲ್ಲಿ ನಿಂತ್ಕಂಡಾದ್ರೂ ಓಗು ಅಂತಿದ್ದೆ."