ಬಿಳಿ ಕಣಗಿಲೆಯ ಜಾಗ

ಹೆಬ್ಬಾಳದಲ್ಲಿ ಬಸ್ಸು ಹತ್ತಿ ಯಲಹಂಕದಾಚೆಯ ಹಳೇ ಸ್ಮಶಾನಕ್ಕೆ ಬಂದಿದ್ದೇನೆ. ಊರು ಕಟ್ಟಿದ ಮೊದಲ ಮನೆತನಗಳವರ ಸಮಾಧಿಗಳು ಇಲ್ಲಿವೆ. ಸಹಕಾರನಗರದ ಕೆಲವರು ಪ್ರತಿ ಭಾನುವಾರ ಬಂದು ಗಿಡಗಂಟಿ ತೆಗೆದು ಅವನ್ನು ಉಳಿಸಿಕೊಳ್ಳುತ್ತಿದ್ದಾರೆ. ಅವರ ಮುಂದಾಳು ಮೂರ್ತಿಯವರು ನನ್ನ ಕೈಗೂ ಗುದ್ದಲಿ ಕೊಟ್ಟು, "ಕಲ್ಲು ಮುಟ್ಬೇಡಿ ಸಾರ್, ಗಿಡ ಒಂದನ್ನೂ ಬಿಡ್ಬೇಡಿ" ಎಂದರು. ಬಿಡಲಿಲ್ಲ. ಹತ್ತು ಗಂಟೆಗೆ ಅಕ್ಷರವಿದ್ದ ಕಲ್ಲುಗಳೆಲ್ಲ ಎದ್ದು ಕಂಡವು. ಗೋಡೆಯ ಬಳಿ ಗಿಡಗಳ ರಾಶಿ ಬಿತ್ತು. ಪುಣ್ಯದ ಕೆಲಸ ಮಾಡಿದೆನೆಂಬ ಹಮ್ಮು ನನಗೂ ಇತ್ತು.

ಆಗ ಊರಿನ ಹೆಂಗಸೊಬ್ಬರು ಲೋಟದಲ್ಲಿ ಹಾಲು ಹಿಡಿದು ಬಂದರು. ಅಗೆದ ನೆಲದ ಮೇಲೆ ಅತ್ತಿತ್ತ ನಡೆದು ನಿಂತರು.

"ಇಲ್ಲೊಂದು ಬಿಳೀ ಕಣಗಿಲೆ ಇತ್ತಲ್ಲ ಸಾಮಿ?"

"ಕಳೆ ಎಲ್ಲಾ ತೆಗ್ದಿದೀವಮ್ಮ" ಎಂದರು ಮೂರ್ತಿ.

"ನನ್ ಮಗೀಗೆ ಕಲ್ಲು ಆಕ್ಸಕ್ಕೆ ಆಗ್ಲಿಲ್ಲ. ಗುರುತಿಗೆ ಅಂತ ಗಿಡ ನೆಟ್ಟಿದ್ದೆ."

ಆಕೆಯೇ ರಾಶಿ ಕೆದಕಿ, ಬೇರುಸಮೇತ ಗಿಡವನ್ನು ಎಳೆದು ತಂದು ನಮ್ಮೆದುರು ಹಿಡಿದರು.

"ಎಲ್ಲಿಂದ ಕಿತ್ರಿ? ಅದೊಂದ್ ಯೋಳಿ."

ಕಿತ್ತವನು ನಾನು. ಹೂವು ನೆನಪಿದೆ, ಜಾಗ ನೆನಪಿಲ್ಲ.