ಹರಳಿಗೆ ನೆರಳಿರುತ್ತದೆ

ನಮ್ಮ ಅವ್ವ ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಹದಿನೆಂಟು ವರ್ಷ ಅಕ್ಕಿ ಹಸನು ಮಾಡಿದಳು. ಮೊರದಲ್ಲಿ ಅಕ್ಕಿ ಹರವಿಕೊಂಡು ಕರಿಕಾಳು, ನೆಲ್ಲು, ಸಣ್ಣ ಕಲ್ಲಿನ ಹರಳು ಆರಿಸಿ ತೆಗೆಯುವ ಕೆಲಸ. ಇಪ್ಪತ್ತು ಜನ ಹೆಂಗಸರು ಗೋಣಿತಟ್ಟು ಹಾಸಿಕೊಂಡು ಸಾಲಾಗಿ ಕೂರುತ್ತಿದ್ದರು. ನಾನು ಕೊಪ್ಪಳದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತ ಪತ್ರಿಕೋದ್ಯಮ ಓದುತ್ತಿದ್ದೆ. ಕೊನೆಯ ವರ್ಷ ಹತ್ತು ನಿಮಿಷದ ಸಿನಿಮಾ ಒಂದನ್ನು ಮಾಡಿ ತರಬೇಕೆಂದು ನಮ್ಮ ಸರ್ ಹೇಳಿದರು. ಅದೇ ವಾರ ಮಿಲ್ಲಿನ ಅಂಗಳದಲ್ಲಿ ಕಟ್ಟಿಗೆಯ ದೊಡ್ಡ ಪೆಟ್ಟಿಗೆಯೊಂದು ಬಂದಿಳಿಯಿತು. ಅದರೊಳಗೆ ಅಕ್ಕಿ ಆರಿಸುವ ಯಂತ್ರವಿತ್ತು. ಅಮಾವಾಸ್ಯೆ ಕಳೆದ ಮೇಲೆ ಅದನ್ನು ಕೂಡಿಸುತ್ತೇವೆ, ಆಮೇಲೆ ನಿಮಗೆ ಕೆಲಸ ಇರುವುದಿಲ್ಲ ಎಂದು ಮಿಲ್ಲಿನ ಸಾಹುಕಾರರು ಹೆಂಗಸರಿಗೆಲ್ಲ ಹೇಳಿಬಿಟ್ಟಿದ್ದರು.

ನನ್ನನ್ನು ಓದಿಸಿದ್ದು ಆ ಮೊರ. ಅದು ನಿಲ್ಲುವ ಮೊದಲು ಅವ್ವ ಕೆಲಸ ಮಾಡುವುದನ್ನು ಒಂದೇ ಒಂದು ಸಲ ಹಿಡಿದಿಡಬೇಕು ಅನ್ನಿಸಿತು. ಮನೆಯಲ್ಲಿ ಹೇಳಿದರೆ ಅವ್ವ ನಕ್ಕಳು.

“ಇದರಾಗ ನೋಡಾಕ ಏನೈತಿ ಬೇ? ಅಕ್ಕಿ ಆರಸೂದು ಮಂದಿ ಕಂಡಿಲ್ಲೇನು?”

ನನ್ನ ಜೊತೆ ಕೆಲಸಕ್ಕೆ ನಿಂತವಳು ಕುಷ್ಟಗಿಯ ಗೆಳತಿ. ಮಿಲ್ಲು ನೋಡಲು ಅವಳು ನನ್ನ ಜೊತೆ ಬಂದ ದಿನ ಕೊಪ್ಪಳದಿಂದ ಗಂಗಾವತಿಯವರೆಗೂ ಬಸ್ಸಿನಲ್ಲಿ ನಮ್ಮಿಬ್ಬರದು ಬರೀ ಜಗಳ. ಮೂರು ಕಡೆಯಿಂದ ಬೆಳಕು ಬೇಕೆಂದು ಪುಸ್ತಕದಲ್ಲಿದೆ, ಮುಖಕ್ಕೊಂದು, ನೆರಳು ತಿಳಿಯಾಗಿಸಲು ಒಂದು, ಬೆನ್ನ ಹಿಂದೊಂದು, ಎಂದು ಅವಳು. ಎರಡು ಸಾಕು, ಕ್ಯಾಮೆರಾ ಮಾತ್ರ ಓಡಾಡುತ್ತಲೇ ಇರಬೇಕು ಎಂದು ನಾನು. ಮಿಲ್ಲಿನಲ್ಲಿ ಚೀಲ ಸಾಗಿಸುವ ಎರಡು ಗಾಲಿಯ ಕೈಗಾಡಿ ಇತ್ತಲ್ಲ, ಅದರ ಮೇಲೆ ಕೂತು ಕ್ಯಾಮೆರಾ ಹಿಡಿದು, ಹೆಂಗಸರ ಸಾಲಿನುದ್ದಕ್ಕೂ ತೇಲಿ ಹೋಗುವ ಕನಸು ನನ್ನದು. ಹೀಗೆ ಎಲ್ಲವೂ ತಯಾರಿತ್ತು, ಕ್ಯಾಮೆರಾ ಒಂದನ್ನು ಬಿಟ್ಟು.

ಕ್ಯಾಮೆರಾ ಇದ್ದದ್ದು ನಮ್ಮ ಓಣಿಯಲ್ಲಿ ಲಗ್ನದ ವಿಡಿಯೋ ತೆಗೆಯುವವರ ಬಳಿ. ಅವರು ಹಲ್ಲುಜ್ಜುತ್ತಲೇ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಾಡಿಸಿದರು. ದಿನಾಲೂ ಮುಹೂರ್ತ, ದಿನಾಲೂ ಲಗ್ನ.

“ಒಂದ ದಿನ ಖಾಲಿ ಐತಿ ನೋಡವಾ. ಲೈಟೂ ಒಯ್ಯಿ, ಸ್ಟ್ಯಾಂಡೂ ಒಯ್ಯಿ. ಸಂಜಿಗೆ ತಂದುಕೊಡು, ಅಷ್ಟ.”

ನಾನು ಯಾವ ದಿನ ಎಂದು ಕೂಡ ಸರಿಯಾಗಿ ನೋಡಲಿಲ್ಲ. ತಾರೀಖು ಬರೆದುಕೊಂಡು ಕುಣಿಯುತ್ತ ಬಂದೆ.

ಆ ದಿನ ಬೆಳಿಗ್ಗೆ ಗೆಳತಿ ಮೊದಲ ಬಸ್ಸಿಗೇ ಬಂದಿಳಿದಳು. ನಾವು ಲೈಟು, ವೈರು, ಸ್ಟ್ಯಾಂಡು ಹೊತ್ತು ಹೊಸ್ತಿಲಲ್ಲಿ ನಿಂತರೆ ಅವ್ವ ತಲೆಗೆ ಸ್ನಾನ ಮಾಡಿ, ಕೂದಲು ಹರವಿಕೊಂಡು ಆರಾಮಾಗಿ ಚಹಾ ಕುಡಿಯುತ್ತಿದ್ದಳು.

“ಯವ್ವಾ, ಮಿಲ್ಲಿಗೆ ಹೊತ್ತಾತಲ್ಲ!”

“ಇವತ್ತ ಎಲ್ಲಿ ಮಿಲ್ಲು? ಅಮಾಸಿ ಅಲ್ಲೇನ?”

ಅಮಾವಾಸ್ಯೆಗೆ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಮಿಲ್ಲು ನಡೆಸುವುದಿಲ್ಲ, ಲಗ್ನವನ್ನಂತೂ ಯಾರೂ ಇಟ್ಟುಕೊಳ್ಳುವುದಿಲ್ಲ. ಅದಕ್ಕೇ ಕ್ಯಾಮೆರಾ ಖಾಲಿ ಇತ್ತು! ಚಿಕ್ಕಂದಿನಿಂದ ಪ್ರತಿ ಅಮಾವಾಸ್ಯೆಗೂ ಅವ್ವ ಮನೆಯಲ್ಲಿರುವುದನ್ನು ಕಂಡವಳು ನಾನು. ನನಗೆ ನೆನಪಾಗಿದ್ದು ಕ್ಯಾಮೆರಾ ಮಾತ್ರ. ಎರಡು ದಿನ ಬಿಟ್ಟರೆ ಯಂತ್ರ ಕೂಡಿಸಿಬಿಡುತ್ತಾರೆ. ನಾನು ಅಲ್ಲೇ ಕುಸಿದು ಕೂತು ಅತ್ತೆ.

“ಓದಿ ಓದಿ ಮರುಳಾದ ಕೂಚುಭಟ್ಟ ಅಂತಾರಲ್ಲ, ನೀನ ನೋಡು” ಎಂದಳು ಗೆಳತಿ. ಅವಳ ಕಣ್ಣಲ್ಲೂ ನೀರಿತ್ತು.

ಅವ್ವ ಚಹಾದ ಬಟ್ಟಲು ಕೆಳಗಿಟ್ಟಳು. “ಏಳ್ರಿ ಮ್ಯಾಲ. ಪೂಜೆಗೆ ಸಾವ್ಕಾರ್ರು ಬಂದಿರ್ತಾರ, ಬಾಗಲ ತಗದಿರ್ತಾರ. ಮನಿ ಅಕ್ಕಿ ಹಸನ ಮಾಡಾಕ ಯಾವ ಅಮಾಸಿನೂ ಅಡ್ಡ ಬರಂಗಿಲ್ಲ.” ಡಬ್ಬಿಯಿಂದ ಐದಾರು ಸೇರು ಅಕ್ಕಿಯನ್ನು ಚೀಲಕ್ಕೆ ಸುರಿದುಕೊಂಡು, ಮೊರ ಬಗಲಿಗೆ ಇರುಕಿ ಅವಳೇ ಮುಂದೆ ನಡೆದಳು.

ಸಾಹುಕಾರರು ತೆಂಗಿನಕಾಯಿ ಒಡೆದು ಮುಗಿಸಿದ್ದರು. ಅಂಗಳದ ಪೆಟ್ಟಿಗೆಗೂ ಕುಂಕುಮ ಬಿದ್ದಿತ್ತು. “ಮಾಡಿಕೊಳ್ರವಾ, ಚೀಲಕ್ಕಷ್ಟ ಬೆಂಕಿ ಹಚ್ಚಬ್ಯಾಡ್ರಿ” ಎಂದು ನಕ್ಕು, ಪ್ರಸಾದ ಕೊಟ್ಟು ಹೋದರು.

ಒಳಗೆ ಹೋದರೆ ಸದ್ದಿಲ್ಲ, ಧೂಳಿಲ್ಲ. ಗೋಡೆಯುದ್ದಕ್ಕೂ ಇಪ್ಪತ್ತು ಗೋಣಿತಟ್ಟು, ಖಾಲಿ. ನಾವು ಅವ್ವನನ್ನು ನಟ್ಟನಡುವೆ ಕೂರಿಸಿ, ಮದುವೆಮನೆಯ ದೊಡ್ಡ ಲೈಟನ್ನು ಅವಳೆದುರಿಗೆ ನಿಲ್ಲಿಸಿ, ಗುಂಡಿ ಒತ್ತಿದೆವು. ಅವ್ವ ಕಣ್ಣು ಕಿರಿದು ಮಾಡಿ ಮೊರ ನೋಡಿದಳು. ಕೈ ಅಲ್ಲಾಡಲಿಲ್ಲ.

“ಹರಳ ಕಾಣವಲ್ಲವು.”

“ಹರಳು ಕಾಣದಿದ್ರ ಬಿಡು. ಸುಮ್ನ ಕೈ ಆಡಸಬೇ, ಆರಸಿದಂಗ ಮಾಡು, ಸಾಕು.”

ಅವ್ವನಿಗೆ ಸಿಟ್ಟು ನೆತ್ತಿಗೇರಿತು. “ಏನಂದಿ? ಆರಸಿದಂಗ ಮಾಡಬೇಕ? ಹದಿನೆಂಟ ವರ್ಷದಾಗ ಒಂದ ದಿನ ಹಂಗ ಮಾಡಿಲ್ಲ ನಾನು. ಕಣ್ಣಿಗೆ ಕಾಣದ ಹರಳಿಗೆ ಕೈ ಹೆಂಗ ಹೋಗಬೇಕು? ನಾಟಕ ಬೇಕಂದ್ರ ನಾಟಕದವರ್ನ ಕರಕೊಂಡು ಬಾ!”

ನನಗೆ ನಾಚಿಕೆಯಾಯಿತು. ಅವಳು ಎದ್ದು, ಮೊರ ಎತ್ತಿಕೊಂಡು, ಕಿಟಕಿಯ ಬದಿಯ ಗೋಣಿತಟ್ಟಿನ ಮೇಲೆ ಹೋಗಿ ಕೂತಳು. ಅದು ಅವಳ ಜಾಗ. ಬೆಳಗಿನ ಬಿಸಿಲು ಎಡಮಗ್ಗುಲಿಂದ ಓರೆಯಾಗಿ ಮೊರದ ಮೇಲೆ ಬೀಳುತ್ತಿತ್ತು.

“ಆ ಲೈಟ ಆರಸು. ಇಲ್ಲಿ ಬಂದು ನೋಡು. ಬೆಳಕು ಎದುರಿಗಿದ್ರ ಅಕ್ಕಿನೂ ಬೆಳ್ಳಗ, ಹರಳೂ ಬೆಳ್ಳಗ. ಮಗ್ಗಲದಿಂದ ಬಂದ್ರ ಹರಳಿಗೆ ನೆರಳ ಇರತೈತಿ. ನಾವು ಹರಳ ಹುಡುಕೂದಿಲ್ಲ, ಅದರ ನೆರಳ ಹುಡುಕತೀವಿ.”

ನಾನು ಅವಳ ಹೆಗಲ ಹಿಂದೆ ಬಗ್ಗಿ ನೋಡಿದೆ. ಬಿಳಿ ಅಕ್ಕಿಯ ನಡುವೆ ಬಿಳಿಯದೇ ಒಂದು ಹರಳು, ಅದರ ಪಕ್ಕದಲ್ಲಿ ಎಳ್ಳಿನಷ್ಟು ಕಪ್ಪು. ಅವ್ವನ ಬೆರಳು ಬಂತು, ಹರಳು ಹೋಯಿತು. ಅಯ್ಯೋ, ಮೂರು ಕಡೆಯಿಂದ ಬೆಳಕು ಎಂದು ದಾರಿಯುದ್ದಕ್ಕೂ ಬಸ್ಸಿನಲ್ಲಿ ಕಚ್ಚಾಡಿದೆವಲ್ಲ, ಬೆಳಕಿನ ಪಾಠ ನಮ್ಮ ಮನೆಯಲ್ಲೇ ಇತ್ತು!

ಲೈಟುಗಳನ್ನು ಮೂಲೆಗೆ ಸರಿಸಿದೆವು. ಕೈಗಾಡಿಯ ಆಸೆ ನನಗಿನ್ನೂ ಬಿಟ್ಟಿರಲಿಲ್ಲ. ಗೆಳತಿ ತಳ್ಳಿದಳು, ನಾನು ಕ್ಯಾಮೆರಾ ಹಿಡಿದು ಕೂತೆ. ಬಂಡೆ ಹಾಸಿದ ನೆಲ, ಕಬ್ಬಿಣದ ಗಾಲಿ, ನನ್ನ ಹಲ್ಲು ಕೂಡ ಕಟಕಟ ಅಂದವು. ತೆಗೆದದ್ದನ್ನು ಚಿಕ್ಕ ಪರದೆಯಲ್ಲಿ ತಿರುಗಿಸಿ ನೋಡಿದರೆ ಅವ್ವ ಭೂಕಂಪದಲ್ಲಿ ಅಕ್ಕಿ ಆರಿಸುತ್ತಿದ್ದಳು. ಸ್ಟ್ಯಾಂಡು ಮದುವೆಯ ವೇದಿಕೆಗೆ ತಕ್ಕಷ್ಟು ಎತ್ತರ, ನೆಲದಲ್ಲಿ ಕೂತವಳ ಕೈಮಟ್ಟಕ್ಕೆ ಇಳಿಯಲೇ ಇಲ್ಲ. ಕೊನೆಗೆ ಅವ್ವನೇ ಅರ್ಧ ತುಂಬಿದ ಅಕ್ಕಿಚೀಲವೊಂದನ್ನು ಎಳೆದುಕೊಟ್ಟಳು. ಅದರ ಮೇಲೆ ಕ್ಯಾಮೆರಾ ಇಟ್ಟು ಒತ್ತಿದರೆ ಕೂಸು ಮಲಗಿದ ಹಾಗೆ ಅಲ್ಲಾಡದೆ ಕೂತಿತು.

ಅವ್ವ ಕೆಲಸ ಶುರು ಮಾಡಿದಳು. ಮೊರ ಹಾರಿತು, ಇಳಿಯಿತು, ಅಕ್ಕಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹರಿಯಿತು, ಬೆರಳುಗಳು ಓಡಿದವು. ಓಡಾಟವೆಲ್ಲ ಅಲ್ಲೇ ಇರುವಾಗ ಕ್ಯಾಮೆರಾ ಯಾಕೆ ಓಡಬೇಕು? ಅರ್ಧ ತಾಸು ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಕಡೆಗೆ ಒಂದೇ ಒಂದು ಸಲ ಕ್ಯಾಮೆರಾ ತಿರುಗಿಸಿದೆ, ನಿಧಾನಕ್ಕೆ, ಅವ್ವನ ಕೈಯಿಂದ ಹೊರಟು ಪಕ್ಕದ ಹತ್ತೊಂಬತ್ತು ಖಾಲಿ ಗೋಣಿತಟ್ಟುಗಳ ಮೇಲೆ. ಅಮಾವಾಸ್ಯೆಯಲ್ಲದಿದ್ದರೆ ಅದು ನನಗೆ ಸಿಗುತ್ತಲೇ ಇರಲಿಲ್ಲ.

ಕಾಲೇಜಿನಲ್ಲಿ ತೋರಿಸಿದ ದಿನ ಸರ್ ಆ ಖಾಲಿ ಸಾಲನ್ನು ಎರಡು ಸಲ ಹಾಕಿಸಿ ನೋಡಿದರು. ಬೆಳಕು ಯಾರು ಕಲಿಸಿದರು ಎಂದು ಕೇಳಿದರು. ನಮ್ಮವ್ವ ಎಂದೆ. ಅಷ್ಟು ಹೊತ್ತಿಗೆ ಯಂತ್ರ ಓಡಲು ಶುರುವಾಗಿತ್ತು. ಅವ್ವ ಮನೆಯಲ್ಲಿದ್ದಳು. ಕೆಲಸವಿಲ್ಲದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ, ಹಸನಾದ ಅಕ್ಕಿಯನ್ನೇ ಮತ್ತೆ ಮತ್ತೆ ಹಸನು ಮಾಡುತ್ತಿದ್ದಳು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಹದಿನೈದು ದಿನ ಕಳೆದಿರಬೇಕು, ಸಾಹುಕಾರರೇ ಮನೆಯ ಬಾಗಿಲಿಗೆ ಬಂದರು. ಯಂತ್ರದಲ್ಲಿ ಆರಿಸಿದ ಅಕ್ಕಿಯಲ್ಲಿ ಬಿಳಿ ಹರಳು ಸಿಗುತ್ತಿದೆಯೆಂದು ಹೊಸಪೇಟೆಯ ವ್ಯಾಪಾರಿ ಒಂದು ಲಾರಿ ಮಾಲನ್ನು ವಾಪಸು ಕಳಿಸಿದ್ದನಂತೆ. “ನೀ ಒಮ್ಮಿ ಬಂದು ನೋಡವಾ” ಎಂದರು. ನಾನೂ ಹಿಂದೆಯೇ ಹೋದೆ.

ಅವ್ವ ಯಂತ್ರದ ಬಾಯಿಂದ ಒಂದು ಹಿಡಿ ಅಕ್ಕಿ ತೆಗೆದುಕೊಂಡು ನೇರ ತನ್ನ ಕಿಟಕಿಗೆ ಹೋದಳು. ಅಂಗೈ ಅಲ್ಲಾಡಿಸಿದಳು. ಒಂದು, ಎರಡು, ಮೂರು ಹರಳು ತೆಗೆದು ಸಾಹುಕಾರರ ಕೈಗಿಟ್ಟಳು.

“ಇದರೊಳಗ ಏನ ಇಟ್ಟಾರ್ರಿ?”

“ಕ್ಯಾಮೆರಾ ಐತಿ, ಲೈಟ್ ಐತಿ. ಕರಿಕಾಳ ಕಂಡಕೂಡ್ಲೆ ಗಾಳಿ ಊದಿ ಹೊರಗ ಒಗೀತೈತಿ.”

ಅವ್ವನ ಕೆಲಸ ಕಿತ್ತುಕೊಂಡದ್ದೂ ಒಂದು ಕ್ಯಾಮೆರಾ, ಒಂದು ಲೈಟು! ಅವ್ವ ಮಾತ್ರ ಬಗ್ಗಿ, ಗಾಜಿನೊಳಗೆ ಇಣುಕಿ, ಲೈಟು ಎಲ್ಲಿದೆಯೆಂದು ಹುಡುಕಿದಳು. ಅದು ಅಕ್ಕಿಗೆ ನೆಟ್ಟಗೆ ಎದುರಿಗಿತ್ತು. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು.

“ಬಣ್ಣ ನೋಡತೈತ್ರಿ ಇದು, ನೆರಳ ನೋಡಂಗಿಲ್ಲ. ಚಿಂತಿ ಮಾಡಬ್ಯಾಡ್ರಿ ಸಾವ್ಕಾರ್ರ, ನನ್ನ ಮಗಳೂ ಮೊದಲ ಹಿಂಗ ಹಚ್ಚಿದ್ಲು.”

ಹಾಗಾದರೆ ನಾಳೆಯಿಂದ ಬಂದು ಪ್ರತಿ ಚೀಲದ್ದೂ ಒಂದು ಹಿಡಿ ನೋಡಿಕೊಡು ಎಂದರು ಸಾಹುಕಾರರು. ಅವ್ವ ಗೋಡೆಯ ಕಡೆ ನೋಡಿದಳು. ಗೋಣಿತಟ್ಟುಗಳನ್ನೆಲ್ಲ ಸುತ್ತಿ ಮೂಲೆಗೆ ಎಸೆದಿದ್ದರು.

“ಒಬ್ಬಾಕಿ ಕೈಲೆ ಆಗೂದಿಲ್ರಿ. ಈ ಕಿಟಕ್ಯಾಗ ನಾಕು ಮಂದಿಗೆ ಆಗೂವಷ್ಟು ಬೆಳಕ ಐತಿ” ಎಂದವಳೇ ಮೂಲೆಗೆ ಹೋಗಿ, ನಾಲ್ಕು ತಟ್ಟು ಎತ್ತಿ ಧೂಳು ಕೊಡವಿದಳು.